ಖಾಲಿ ಓಡದ ಗಾಡಿ

ಎದುರು ಮನೆಯ ಮಹಡಿಯ ನಿವೃತ್ತ ಹೆಡ್‌ಮಾಸ್ತರರು ತಮ್ಮ ದೂರನ್ನು ಅವನಿಗೆ ಹೇಳದೆ ಅವನ ಹೆಂಡತಿಗೆ ಹೇಳಿದ್ದೇ ಎಡವಟ್ಟಾಯಿತು. ಅವನಿಗೆ ಹೇಳಿದ್ದರೆ ಹೂಂಗುಟ್ಟಿ, ಕತ್ತು ಕೆರೆದುಕೊಂಡು, ಇವತ್ತು ನಾಳೆ ಎಂದು ವರ್ಷವಾದರೂ ದೂಡುತ್ತಿದ್ದ. ಅಂಥದರಲ್ಲಿ ಅವನದು ಪಳಗಿದ ಕೈ. ದೂರು ಇಷ್ಟೇ. ಸಂಜೆ ಅವನ ಪಿಕಪ್ಪು ಓಣಿಗೆ ತಿರುಗಿಕೊಂಡಾಗ ಅದರ ದೀಪ ರಸ್ತೆಯ ಮೇಲೆ ಬೀಳುವುದನ್ನು ಬಿಟ್ಟು ಮೇಷ್ಟರ ಮಲಗುವ ಕೋಣೆಗೆ ನುಗ್ಗುತ್ತದೆ. ಗಾಡಿಯ ಹಿಂಬದಿ ಕುಸಿದು ಮೂತಿ ಆಕಾಶಕ್ಕೆ ಎದ್ದಿದೆ. ಲೋಡು ಅತಿಯಾದರೆ ಹೀಗೇ ಆಗುವುದು. ಮೇಷ್ಟರು ಬೈಗುಳದ ಧಾಟಿಯಲ್ಲೇ ಹೇಳಿದ್ದರಂತೆ. ಆದರೆ ಅವಳ ಕಿವಿಗೆ ಅದು ಸನ್ಮಾನ ಪತ್ರ ಓದಿದ ಹಾಗೆ ಕೇಳಿಸಿತ್ತು. ಊರಿನ ಅರ್ಧ ಗಾಡಿಗಳು ಬಾಡಿಗೆಯಿಲ್ಲದೆ ಮರದ ಕೆಳಗೆ ನಿಂತು ಹಕ್ಕಿ ಹಿಕ್ಕೆ ಹೊರುತ್ತಿರುವಾಗ ತನ್ನ ಗಂಡನ ಗಾಡಿ ದುಡಿದು ದುಡಿದು ಸೊಂಟ ಮುರಿದುಕೊಂಡಿದೆ. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಬಟ್ಟೆ ಕೊಡಲು ಬಂದ ಹೆಂಗಸರಿಗೆಲ್ಲ ಈ ಸುದ್ದಿ ಮುಟ್ಟಿತು. ಅವರಲ್ಲೊಬ್ಬಳ ಗಂಡ ಲಾರಿ ಡ್ರೈವರು. ಅವನಿಂದ ಪರಿಹಾರವೂ ಬಂತು: ಹಿಂದಿನ ಸ್ಪ್ರಿಂಗಿಗೆ ಆಸರೆಯಾಗಿ ಹೆಲ್ಪರ್ ಹಾಕಿಸಬೇಕು, ಹಾಕಿಸುವ ಅಂಗಡಿ ಇಂಥ ಕಡೆ ಇದೆ. ಗಂಡನನ್ನು ಒಬ್ಬನನ್ನೇ ಕಳಿಸಿದರೆ ಅಂಗಡಿಗೆ ಬೀಗ ಹಾಕಿತ್ತು ಎಂದು ಹೇಳಿಕೊಂಡು ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಈ ಬೆಳಿಗ್ಗೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ತಲೆ ಬಾಚಿಕೊಂಡು, ಅವನಿಗಿಂತ ಮುಂಚೆ ಹೋಗಿ ಗಾಡಿಯಲ್ಲಿ ಕೂತಿದ್ದಳು.

ದಾರಿಯುದ್ದಕ್ಕೂ ಅವನ ಕಿವಿ ಹಿಂದಕ್ಕೇ ಇತ್ತು. ಟಾರ್ಪಾಲಿನ ಕೆಳಗೆ ಸಿಮೆಂಟಿನ ನೆಲಗಲ್ಲುಗಳು, ಅಂಗಳಕ್ಕೆ ಹಾಸುವಂಥವು, ಒಂದಕ್ಕೊಂದು ಉಜ್ಜಿಕೊಂಡು ಗೊರಗೊರ ಅನ್ನುತ್ತಿದ್ದವು. ಅವನಿಗೆ ಆ ಸದ್ದು ಈಗ ಮನೆಯ ಮುದುಕರ ಗೊರಕೆಯಷ್ಟು ಬಳಕೆಯಾಗಿಬಿಟ್ಟಿತ್ತು. ಹೆಂಡತಿ ತಿಳಿದುಕೊಂಡಿದ್ದು ಅದು ನಾಳೆಯ ಲೋಡು ಎಂದು. ನಾಳೆ ಬೆಳಿಗ್ಗೆ ತಲುಪಿಸಬೇಕಾದದ್ದನ್ನು ಹಿಂದಿನ ಸಂಜೆಯೇ ತುಂಬಿಸಿಕೊಂಡು ಬರುವ ಗಂಡನ ಶಿಸ್ತನ್ನು ಅವಳು ತನ್ನ ತಮ್ಮನಿಗೆ ಎಷ್ಟೋ ಸಲ ಉದಾಹರಣೆ ಕೊಟ್ಟು ಹೇಳಿದ್ದಳು. ಆದರೆ ಅದು ನಾಳೆಯದೂ ಅಲ್ಲ, ನಿನ್ನೆಯದೂ ಅಲ್ಲ. ಕಾಯಂ ಬಾಡಿಗೆ ಕೊಡುತ್ತಿದ್ದ ಕಾರ್ಖಾನೆಯವನು ಕೊನೆಯದಾಗಿ ತುಂಬಿಸಿದ್ದ ಕಲ್ಲು. ಇಳಿಸಬೇಕಾಗಿದ್ದ ಕಡೆ ಕಟ್ಟಡ ಅರ್ಧಕ್ಕೆ ನಿಂತು ಗೇಟಿಗೆ ಸರಪಳಿ ಬಿದ್ದಿತ್ತು. ತಿರುಗಿ ಬಂದು ನೋಡಿದರೆ ಕಾರ್ಖಾನೆಯ ಗೇಟಿಗೂ ಸರಪಳಿ. ಕಾರ್ಖಾನೆಯವನ ಫೋನು ಮೊದಲು ಗಂಟೆ ಹೊಡೆಯುತ್ತಿತ್ತು, ಆಮೇಲೆ ಅದೂ ನಿಂತಿತು. ಇವತ್ತು ಯಾರಾದರೂ ಕೇಳಿಕೊಂಡು ಬಂದಾರು, ನಾಳೆ ಬಂದಾರು ಎಂದು ಅವನು ಪ್ರಾಮಾಣಿಕವಾಗಿಯೇ ಕಾದ. ಯಾವ ದಿನ ಆ ಕಾಯುವಿಕೆ ನಾಟಕವಾಯಿತು ಎಂದು ಕೇಳಿದರೆ ಅವನಿಗೂ ಹೇಳಲು ಬಾರದು. ಲೋಡು ಇರುವ ಗಾಡಿಯನ್ನು ಯಾರೂ ಕೆಲಸವಿಲ್ಲದ ಗಾಡಿ ಎನ್ನುವುದಿಲ್ಲ, ಅಷ್ಟು ಅವನಿಗೆ ಹೊಳೆದಿತ್ತು. ಬೆಳಿಗ್ಗೆ ಕಲ್ಲು ಹೊತ್ತು ಹೋಗುತ್ತಿದ್ದ, ಸಂಜೆ ಅದೇ ಕಲ್ಲು ಹೊತ್ತು ಬರುತ್ತಿದ್ದ. ಓಣಿಯವರು ಪಾಪ ಎಷ್ಟು ದುಡಿಯುತ್ತಾನೆ ಅನ್ನುತ್ತಿದ್ದರು.

ದುಡಿಯುತ್ತಿದ್ದುದು ಸುಳ್ಳಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಗುರುತಿನವರು ಯಾರೂ ಸುಳಿಯದ ಕಡೆ, ಸರಕಿನ ಯಾರ್ಡು ಒಂದಿತ್ತು. ಬಾಡಿಗೆ ಸಿಗುತ್ತದೇನೋ ಎಂದು ಒಂದು ದಿನ ಅದರ ಗೇಟಿನಲ್ಲಿ ನಿಂತಿದ್ದ. ಒಳಗಿನ ಸೂಪರ್‌ವೈಸರು ಅವನ ಹಳೆ ಅಂಗಿ ನೋಡಿದನೋ, ಹೆಗಲ ಮೇಲಿನ ಟವೆಲು ನೋಡಿದನೋ, ಏನೂ ಕೇಳದೆ ಒಂದು ಮೂಟೆಯನ್ನು ಅವನ ಕಡೆ ವಾಲಿಸಿ, ಹಿಡಿಯೋ ಅಂದ. ಅವನು ಹಿಡಿದ. ಹಿಡಿಯದಿದ್ದರೆ ಮೂಟೆ ಒಡೆಯುತ್ತಿತ್ತು, ಆ ಕ್ಷಣಕ್ಕೆ ಅದಕ್ಕಿಂತ ದೊಡ್ಡ ವಿಚಾರವೇನೂ ತಲೆಗೆ ಬರಲಿಲ್ಲ. ಹಿಡಿದ ಮೇಲೆ ಎಲ್ಲಿಡಲಿ ಎಂದು ಕೇಳಿದ. ಅಷ್ಟು ಕೇಳಿದ್ದೇ ತಡ ಅವನು ಹಮಾಲಿಯಾಗಿದ್ದ. ಗಾಡಿ ಇಟ್ಟುಕೊಂಡವರಲ್ಲಿ ಒಂದು ಕಟ್ಟುಪಾಡು ಉಂಟು: ಡ್ರೈವರಾದವನು ಹಗ್ಗ ಬಿಚ್ಚಬಹುದು, ಟಾರ್ಪಾಲು ಸುತ್ತಬಹುದು, ಹಿಂದಿನ ಬಾಗಿಲು ತೆಗೆಯಬಹುದು, ಲೋಡು ಮುಟ್ಟಕೂಡದು. ಮುಟ್ಟಿದರೆ ನಾಳೆಯಿಂದ ಎಲ್ಲರೂ ಮುಟ್ಟು ಅನ್ನುತ್ತಾರೆ. ಲೋಡು ಇಳಿಯುವಷ್ಟು ಹೊತ್ತು ಅವನು ದೂರದಲ್ಲಿ ನಿಂತು ಚಹಾ ಕುಡಿಯಬೇಕು, ಹಮಾಲಿಗಳಿಗೆ ಬುದ್ಧಿ ಹೇಳಬೇಕು. ಮದುವೆಯಾದ ಹೊಸದರಲ್ಲಿ ಒಂದು ಸಲ ಹೆಂಡತಿಯೇ ಹೊಲಿಗೆ ಯಂತ್ರವನ್ನು ಇಳಿಸಲು ಕೈ ಹಾಕಿ ಅಂದಾಗ ಅವನು ಈ ಕಟ್ಟುಪಾಡನ್ನು ಗಂಭೀರವಾಗಿ ವಿವರಿಸಿದ್ದ, ಅವಳು ನಕ್ಕು ಅಕ್ಕಪಕ್ಕದವರನ್ನು ಕೂಗಿದ್ದಳು. ಯಾರ್ಡಿನ ಹಮಾಲಿಗಳಿಗೆ ಅವನ ಪಿಕಪ್ಪಿನ ಗುಟ್ಟು ಎರಡನೆಯ ದಿನಕ್ಕೇ ತಿಳಿಯಿತು. ಅವರು ಅವನನ್ನು ಓನರು ಅಂತಲೇ ಕರೆಯುತ್ತಿದ್ದರು. ಓನರೇ, ಆ ತುದಿ ಹಿಡೀರಿ. ಓನರೇ, ಕಾಲು ನೋಡ್ಕೊಳ್ಳಿ. ತಮಾಷೆಯೇ, ಆದರೆ ವಿಷವಿಲ್ಲದ ತಮಾಷೆ. ಅವನಿಗೆ ಅದರಿಂದ ಒಳಗೊಳಗೇ ಸಮಾಧಾನವೂ ಆಗುತ್ತಿತ್ತು. ಓನರು ಸುಮ್ಮನೆ ಕೈ ಜೋಡಿಸುತ್ತಿದ್ದಾನೆ, ಅಷ್ಟೇ ತಾನೆ.

ಬೆನ್ನು ಮಾತ್ರ ಈ ವಾದವನ್ನು ಒಪ್ಪಲಿಲ್ಲ. ಊಟವಾದ ಮೇಲೆ ಅವನು ಬೋರಲು ಮಲಗುತ್ತಿದ್ದ, ಅವಳು ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು, ತಿಕ್ಕುತ್ತಾ ಗಾಡಿಯನ್ನು ಬೈಯುತ್ತಿದ್ದಳು. ಸ್ಪ್ರಿಂಗು ಸತ್ತುಹೋಗಿ ರಸ್ತೆಯ ಗುಂಡಿಯೆಲ್ಲ ನೆಟ್ಟಗೆ ನಿಮ್ಮ ಬೆನ್ನಿಗೇ ಬರ್ತಿದೆ ಅನ್ನುತ್ತಿದ್ದಳು. ಅವನು ದಿಂಬಿಗೆ ಮುಖ ಒತ್ತಿ ಹೌದು ಅನ್ನುತ್ತಿದ್ದ. ಬಾಯಿಲ್ಲದ ಗಾಡಿ, ಅಪವಾದ ಹೊತ್ತುಕೊಂಡು ಹೊರಗೆ ಬೀದಿಯಲ್ಲಿ ನಿಂತಿರುತ್ತಿತ್ತು. ಅವನಿಗೆ ಹೆಂಡತಿಗಿಂತ ಗಾಡಿಯ ಮುಖ ನೋಡಲು ನಾಚಿಕೆಯಾಗುತ್ತಿತ್ತು ಎಂದರೆ ನಗು ಬರಬಹುದು, ಆದರೆ ನಿಜ. ಈಗ ಗೇರು ಹಾಕುತ್ತಾ ಪಕ್ಕದಲ್ಲಿ ಕೂತವಳನ್ನು ಓರೆಗಣ್ಣಿಂದ ನೋಡಿದ. ಹೆಲ್ಪರ್ ಹಾಕಿಸಿದ ಮೇಲೆ ಗಾಡಿ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗೆ ನಿಂತರೆ ಲೋಡು ಇದ್ದೂ ಇಲ್ಲದಂತೆ ಕಾಣುತ್ತದೆ. ಕುಸಿದ ಹಿಂಬದಿಯೇ ಅಲ್ಲವೆ ಇಷ್ಟು ದಿನ ಅವನ ಮಾನ ಕಾಪಾಡಿದ್ದು? ಮತ್ತೆ ಕುಸಿಯಬೇಕಾದರೆ ಇನ್ನಷ್ಟು ಕಲ್ಲು ಎಲ್ಲಿಂದ ತರುವುದು? ಇಷ್ಟು ದೂರ ಯೋಚಿಸಿ ತನಗೇ ಗಾಬರಿಯಾಗಿ ಹಾರ್ನ್ ಹೊಡೆದ. ಎದುರಿಗೆ ಯಾರೂ ಇರಲಿಲ್ಲ.

ಅಂಗಡಿ ಎಂದರೆ ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಒರಗಿಸಿಟ್ಟ ಬಾಗಿದ ಉಕ್ಕಿನ ಪ್ಲೇಟುಗಳು, ಮುಂದೆ ನೀರು ನಿಂತ ಒಂದು ಕೆಸರು ಗುಂಡಿ. ಮೇಸ್ತ್ರಿ ದಪ್ಪನೆಯ ಆಸಾಮಿ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ. ಗಾಡಿಯ ಕೆಳಗೆ ತೂರಿ ಟಾರ್ಚು ಬಿಟ್ಟು ನೋಡಿ, ಬಿಲ್ಲಿನ ಹಾಗಿರಬೇಕಾದ ಪ್ಲೇಟು ಹಲಗೆಯ ಹಾಗಾಗಿದೆ ಅಂದ. ಇವು ನಿದ್ದೆಯನ್ನೇ ಮಾಡಿಲ್ಲ, ರಾತ್ರಿಯಾದರೂ ಭಾರ ಇಳಿಸಿದ್ದರೆ ಎದ್ದು ಕೂರುತ್ತಿದ್ದವು ಅಂದ. ಹೆಂಡತಿ ಹೆಮ್ಮೆಯಿಂದ ತಲೆಯಾಡಿಸಿದಳು. ಮೇಸ್ತ್ರಿ ಹೊರಬಂದು ಕೈ ಒರೆಸಿಕೊಂಡು ದಾರಿಗಳನ್ನು ಬಿಡಿಸಿ ಹೇಳಿದ. ರಬ್ಬರಿನ ಗುಂಡು ಕೂರಿಸಬಹುದು, ಭಾರಕ್ಕೆ ಗಾಡಿ ಕುಸಿದಾಗ ಮಾತ್ರ ಅದು ತಗಲುತ್ತದೆ, ಬಡವರ ಉಪಾಯ. ಇಲ್ಲವೆ ಗಾಳಿಯ ಚೀಲ: ಲೋಡು ಇದ್ದಾಗ ಗಾಳಿ ತುಂಬು, ಖಾಲಿ ಇದ್ದಾಗ ಬಿಡು, ಮೆತ್ತಗೆ ಓಡುತ್ತದೆ. ಇಲ್ಲವೆ ದಪ್ಪ ಹೆಲ್ಪರ್ ಪ್ಲೇಟು, ಇರುವ ಪ್ಲೇಟುಗಳ ಕಟ್ಟಿನ ಜೊತೆಗೇ ಬಿಗಿಯುವುದು; ಲೋಡಿನಲ್ಲಿ ಅದರ ಮುಂದೆ ಬೇರೆ ಯಾವುದೂ ಇಲ್ಲ, ಆದರೆ ಖಾಲಿ ಓಡಿಸಿದರೆ ಕೂತವರ ಕರುಳು ಬಾಯಿಗೆ ಬರುತ್ತದೆ.

ಅವನ ಕಣ್ಣು ಗಾಳಿಯ ಚೀಲದ ಮೇಲೆ ಬಿತ್ತು. ಎಂಥ ಸೊಗಸಾದ ವಸ್ತು. ಗಾಳಿ ತುಂಬುವುದೂ ಬಿಡುವುದೂ ಅವನ ಕೈಯಲ್ಲೇ ಇರುತ್ತದೆ. ಓಣಿಗೆ ತಿರುಗುವಾಗ ಮೇಷ್ಟರಿಗಾಗಿ ಎತ್ತರ, ನಿಲ್ಲಿಸಿದ ಮೇಲೆ ಓಣಿಯವರಿಗಾಗಿ ಕುಸಿತ. ಇಷ್ಟು ವರ್ಷದಲ್ಲಿ ಯಾವ ಯಂತ್ರವೂ ಅವನ ಕಷ್ಟವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಅದನ್ನೇ ಹಾಕು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮೇಸ್ತ್ರಿ ಕೇಳಿದ, "ಖಾಲಿ ಎಷ್ಟು ಓಡುತ್ತೆ ಅಣ್ಣ, ಲೋಡಲ್ಲಿ ಎಷ್ಟು ಓಡುತ್ತೆ? ಅದು ಗೊತ್ತಾದ್ರೆ ಯಾವುದು ಅಂತ ನಾನೇ ಹೇಳ್ತೀನಿ."

ಡಾಕ್ಟರು ಕುಡಿಯುವ ಅಭ್ಯಾಸ ಇದೆಯೇ ಎಂದು ಹೆಂಡತಿಯ ಎದುರಿಗೇ ಕೇಳಿದ ಹಾಗಾಯಿತು. ಖಾಲಿಯೂ ಓಡುತ್ತದೆ ಎಂದರೆ ಗಾಳಿಯ ಚೀಲ ಸಿಗುತ್ತದೆ, ಆದರೆ ಅವಳ ಮುಂದೆ ಖಾಲಿ ಎಂಬ ಮಾತನ್ನು ಅವನ ನಾಲಿಗೆ ಆಡಿ ಎಷ್ಟು ಕಾಲವಾಗಿತ್ತು! ಅವನು ನುಂಗಿಕೊಂಡು ನಿಂತದ್ದನ್ನು ಅವಳು ವಿನಯವೆಂದು ತಿಳಿದಳು. ತನ್ನ ಗಂಡ ತನ್ನ ಬಾಯಿಂದ ತನ್ನ ದೊಡ್ಡಸ್ತಿಕೆ ಹೇಳಿಕೊಳ್ಳುವವನಲ್ಲ.

"ನಮ್ಮ ಗಾಡಿ ಖಾಲಿ ಓಡಿದ್ದೇ ಇಲ್ಲ," ಅಂದಳು.

ಹಾಗಾದರೆ ಮಾತೇ ಇಲ್ಲ, ದಪ್ಪ ಪ್ಲೇಟೇ ಎಂದು ಮೇಸ್ತ್ರಿ ತೀರ್ಪು ಕೊಟ್ಟ. ಅವನು ಕೊನೆಯ ಪ್ರಯತ್ನವಾಗಿ, ಗಾಳಿಯದು ಸ್ವಲ್ಪ ಮೆತ್ತಗೆ ಅಂದಿರಲ್ಲ ಎಂದು ಗೊಣಗಿದ. ಅದೆಲ್ಲ ದಿನ ಬಿಟ್ಟು ದಿನ ಬಾಡಿಗೆ ಸಿಗೋರಿಗೆ ಎಂದು ಮೇಸ್ತ್ರಿ ಕೈ ಬೀಸಿದ. ಆ ಮಾತು ಬಿದ್ದ ಮೇಲೆ ಇನ್ನು ಗಾಳಿಯ ಚೀಲವನ್ನು ಕೇಳುವುದು ಬಟ್ಟೆ ಬಿಚ್ಚಿ ನಿಂತಂತೆ. ಸರಿ, ಪ್ಲೇಟೇ ಹಾಕಿ ಅಂದ. ಅಷ್ಟಕ್ಕೇ ನಿಲ್ಲದೆ, ಇರೋದರಲ್ಲಿ ದಪ್ಪದ್ದೇ ನೋಡಿ ಹಾಕಿ ಎಂದೂ ಸೇರಿಸಿದ. ಯಾಕೆ ಸೇರಿಸಿದೆನೋ ಎಂದು ಅವನಿಗೆ ಆಗಲೇ ಅನ್ನಿಸಿತು. ತನ್ನದೇ ಸುಳ್ಳಿಗೆ ತಾನೇ ತೂಕ ಕೂಡಿಸುವ ಈ ಚಟ ಯಾವಾಗಿನದೋ. ಪಕ್ಕದಲ್ಲಿ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ ಡ್ರೈವರೊಬ್ಬ ಆಗ ಇತ್ತ ತಿರುಗಿ, ಏನು ಓನರೇ, ಇಲ್ಲಿ? ಎಂದು ಹಲ್ಲು ಬಿಟ್ಟ. ಅವನ ಲಾರಿಯಿಂದಲೇ ಮೊನ್ನೆ ಯಾರ್ಡಿನಲ್ಲಿ ಟೈಲ್ಸಿನ ಪೆಟ್ಟಿಗೆ ಇಳಿಸಿದ್ದು. ಅವನು ಬಗ್ಗಿ ಚಕ್ರದ ನಟ್ಟು ನೋಡತೊಡಗಿದ. ಹೆಂಡತಿ ಮಾತ್ರ ಸೆರಗು ಸರಿಮಾಡಿಕೊಂಡು, ಎಲ್ಲಿ ಹೋದರೂ ಗುರುತಿನವರು ಎನ್ನುವ ಮುಖ ಮಾಡಿದಳು. ಡ್ರೈವರು ಅವಳನ್ನು ನೋಡಿ, ಅವನನ್ನು ನೋಡಿ, ಏನು ಅರ್ಥ ಮಾಡಿಕೊಂಡನೋ, ಇನ್ನೊಂದು ಮಾತಾಡದೆ ಬೀಡಿ ಹಚ್ಚಿಕೊಂಡು ಆಚೆ ಹೋದ. ಆ ಮನುಷ್ಯನ ದಯೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಪ್ಲೇಟು ಬಿಚ್ಚಬೇಕಾದರೆ ಗಾಡಿ ಬರಿದಾಗಬೇಕು. ಮೇಸ್ತ್ರಿಯ ಕೆಲಸದವರಿಬ್ಬರು ಒಲ್ಲದ ಮನಸ್ಸಿನಿಂದ ಎದ್ದು ಬಂದರು. ಕಬ್ಬಿಣದ ಕೆಲಸದವರಿಗೆ ಕಲ್ಲು ಎತ್ತುವುದು ಅವಮಾನ. ಅವನು ಕಟ್ಟುಪಾಡಿಗೆ ಸರಿಯಾಗಿ ಹಗ್ಗ ಬಿಚ್ಚಿದ, ಟಾರ್ಪಾಲು ಸುತ್ತಿದ, ಬಾಗಿಲು ತೆಗೆದ, ಹೋಗಿ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತ. ಮಡಿಕೆ ಮಡಿಕೆಗೂ ಬಣ್ಣ ಹೋದ ಆ ಟಾರ್ಪಾಲನ್ನು ಅವಳು ನೋಡಿದಳೋ ಇಲ್ಲವೋ. ಕೆಲಸದವರು ಒಂದೊಂದೇ ಕಲ್ಲು ಎತ್ತಿ ಎಸೆಯತೊಡಗಿದರು. ಮೂಲೆಗಳು ಒಡೆದವು. ಒಬ್ಬ ಕಲ್ಲನ್ನು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದ, ಅಂಗೈ ಕೊಡುತ್ತಲೇ ಇರಲಿಲ್ಲ. ಇನ್ನೊಬ್ಬ ಸೊಂಟದಿಂದ ಬಾಗುತ್ತಿದ್ದ, ಮಂಡಿಯಿಂದಲ್ಲ. ಸಂಜೆಗೆ ಇವನು ಏಳುವುದಿಲ್ಲ ಎಂದು ಬೆಂಚಿನಲ್ಲಿ ಕೂತವನು ಮನಸ್ಸಿನಲ್ಲೇ ಹೇಳಿಕೊಂಡ. ಮಾಡುವುದಾದರೆ ಸರಿಯಾಗಿ ಮಾಡಬೇಕು. ಕೈಗಳು ತೊಡೆಯ ಮೇಲೆ ಕೂರಲಾರದೆ ಮಿಸುಕಾಡಿದವು. ಅಷ್ಟರಲ್ಲಿ ಬೆರಳ ತುದಿಯವನು ಅವಸರಕ್ಕೆ ಬಿದ್ದು ಒಂದರ ಮೇಲೊಂದಿಟ್ಟು ರಾಶಿಯನ್ನೇ ಎಳೆದ, ರಾಶಿ ವಾಲಿತು, ಕೆಳಗೆ ಅವನದೇ ಕಾಲು. ಆಮೇಲೆ ಏನಾಯಿತೆಂದು ಬೆಂಚಿನಲ್ಲಿದ್ದವನಿಗೆ ಬಿಡಿಬಿಡಿಯಾಗಿಯೇ ನೆನಪು. ಬೆಂಚಿನಿಂದ ಎದ್ದದ್ದು ಗೊತ್ತಾಗಲಿಲ್ಲ. ರಾಶಿ ಅವನ ತೋಳುಗಳ ಮೇಲಿತ್ತು, ಮೇಲಿನ ಕಲ್ಲಿಗೆ ಗಲ್ಲ ಒತ್ತಿತ್ತು. ಉಸಿರು ಬಿಟ್ಟು ಅರ್ಧ ಸುತ್ತು ತಿರುಗಿ ಮಂಡಿ ಮಡಿಸಿ ಸದ್ದಾಗದಂತೆ ನೆಲಕ್ಕಿಟ್ಟ. ಇಟ್ಟವನು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎರಡನೆಯ ರಾಶಿ, ಮೂರನೆಯದು. ಯಾವಾಗಲೋ ಟವೆಲು ಬಿಗಿಯಾದ ಸಿಂಬಿಯಾಗಿ ಹೆಗಲಿಗೇರಿತ್ತು. ಕೆಲಸದವರು ಸಂತೋಷವಾಗಿ ದಾರಿ ಬಿಟ್ಟು ನಿಂತರು. ಬಹಳ ದಿನಗಳ ಮೇಲೆ ಅವನಿಗೆ ಹಿತವಾಗಿತ್ತು, ಹೇಳಿಕೊಳ್ಳಲಾಗದಂಥ ಹಿತ.

ಕೊನೆಯ ಸಾಲು ಎತ್ತುವಾಗ ಕಲ್ಲುಗಳ ಸಂದಿಯಿಂದ ಒಂದು ಗಿಡ ಕಂಡಿತು. ಗಾಡಿಯ ಮೂಲೆಯ ಮಣ್ಣಿನಲ್ಲಿ ಬೇರೂರಿ, ಟಾರ್ಪಾಲಿನ ತೂತಿನ ಬೆಳಕಿಗೆ ಕತ್ತು ಚಾಚಿ, ಬಿಳಿಚಿಕೊಂಡು ಗೇಣುದ್ದ ಬೆಳೆದಿತ್ತು. ನಾಳೆ ತಲುಪಿಸಬೇಕಾದ ಲೋಡಿನಲ್ಲಿ ಗಿಡ. ಅವನು ತಲೆಯೆತ್ತಿದ. ಹೆಂಡತಿ ಬೆಂಚಿನಿಂದ ಎದ್ದು ಬಂದು ಗಾಡಿಯ ಅಂಚಿಗೆ ಕೈಯಿಟ್ಟು ನಿಂತಿದ್ದಳು. ಗಿಡವನ್ನು ನೋಡಿದಳು. ಅವನ ಹೆಗಲ ಮೇಲಿನ ಸಿಂಬಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಹೊಲಿಗೆಯವಳು, ಯಾವ ಬಟ್ಟೆ ಯಾವ ಮೈಗೆ ಎಷ್ಟು ಕಾಲದಿಂದ ಒಗ್ಗಿದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೋಗಿ ಮತ್ತೆ ಬೆಂಚಿನಲ್ಲಿ ಕೂತಳು. ಅವನು ಹೋಗಿ ಪಕ್ಕದಲ್ಲಿ ಕೂರಲಾರದೆ, ಸುಮ್ಮನೆ ನಿಲ್ಲಲೂ ಆಗದೆ, ಮೇಸ್ತ್ರಿ ನಟ್ಟು ಬಿಚ್ಚುವುದನ್ನು ಎಂದೂ ಕಾಣದವನ ಹಾಗೆ ನೋಡುತ್ತ ನಿಂತ. ದಪ್ಪ ಪ್ಲೇಟು ಹೋಗಿ ಕೂತಿತು. ಬೋಲ್ಟುಗಳು ಬಿಗಿದವು. ಜಾಕು ಇಳಿಸಿದಾಗ ಗಾಡಿ ಹಿಂಬದಿ ಎತ್ತಿಕೊಂಡು, ಯಾರ ಹಂಗೂ ಇಲ್ಲದಂತೆ ನಿಂತಿತು.

ಲೋಡು ಹತ್ತಿಸೋಣವಾ ಎಂದು ಕೆಲಸದವರು ಕೇಳಿದರು. ಅವನ ಕಡೆ ನೋಡಿಯೇ ಕೇಳಿದರು. ಹತ್ತಿಸುವವನು ಯಾರೆಂಬುದರಲ್ಲಿ ಅವರಿಗೆ ಈಗ ಸಂಶಯವಿರಲಿಲ್ಲ. ಅವನು ಬಾಗಿದ.

"ಇದು ಯಾರ ಲೋಡು?" ಹೆಂಡತಿ ಕೂತಲ್ಲಿಂದಲೇ ಕೇಳಿದಳು.

ಈ ಪ್ರಶ್ನೆಗೆ ಅವನು ಎಂದೋ ಉತ್ತರಗಳನ್ನು ಹೊಂದಿಸಿಟ್ಟುಕೊಂಡಿದ್ದ. ಪರವೂರಿಗೆ ಹೋದ ಪಾರ್ಟಿ, ಕೋರ್ಟಿನಲ್ಲಿರುವ ಜಾಗ, ಬಣ್ಣ ಒಪ್ಪದೆ ವಾಪಸು ಕಳಿಸಿದ ಮನೆಯವರು. ಸ್ನಾನ ಮಾಡುವಾಗ ಹೇಳಿ ನೋಡಿಕೊಂಡು ಪಕ್ಕಾ ಮಾಡಿದ್ದ. ಬಾಯಿಗೆ ಬಂದದ್ದೇ ಬೇರೆ.

"ಯಾರದೂ ಅಲ್ಲ."

"ಯಾರದೂ ಅಲ್ದಿದ್ರೆ ಯಾಕೆ ಹತ್ತಿಸ್ತೀರಿ?"

ಸಿಟ್ಟಿನಿಂದ ಕೇಳಿದ್ದರೆ ಉತ್ತರಿಸಬಹುದಿತ್ತು. ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ಬಾಗಿದ್ದವನು ನೆಟ್ಟಗಾದ. ಮೇಸ್ತ್ರಿ ಆಚೆಯಿಂದ ಕತ್ತು ತೂರಿಸಿ, ಬೇಡದ್ದಾದರೆ ಇಲ್ಲೇ ಬಿಡಿ, ಮುಂದಿನ ಗುಂಡಿ ಮುಚ್ಚಿಕೊಳ್ಳುತ್ತೇವೆ ಅಂದ. ಅವನ ಮಾನಕ್ಕೆ ಆಸರೆಯಾಗಿದ್ದ ಕಲ್ಲುಗಳು ಎರಡು ಮಾತಿನಲ್ಲಿ ಕೆಸರಿನ ಪಾಲಾದವು.

ಖಾಲಿ ಗಾಡಿ ಹೇಗೆ ಓಡುತ್ತದೆಂಬುದನ್ನು ಅವನು ಮರೆತೇಬಿಟ್ಟಿದ್ದ. ಮೇಸ್ತ್ರಿ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಸಣ್ಣ ಕಲ್ಲಿನ ಮೇಲೆ ಚಕ್ರ ಹತ್ತಿದರೂ ಇಬ್ಬರೂ ಸೀಟಿನಿಂದ ಎದ್ದು ಕೂರುತ್ತಿದ್ದರು. ಹಿಡಿ ಹಿಡಿದುಕೊಂಡು ಅವಳು ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. ಅವನು ಜಗಳಕ್ಕೆ ಕಾಯುತ್ತಿದ್ದ. ಎಷ್ಟು ದಿನದಿಂದ ಎಂದು ಕೇಳುತ್ತಾಳೆ, ಅಳುತ್ತಾಳೆ, ಊರಿಗೆಲ್ಲ ಹೇಳಿಕೊಂಡು ಬಂದೆನಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತಾಳೆ. ಆಗ ತಾನೂ ದನಿ ಏರಿಸುವುದು, ಏನು ಕದ್ದೆನಾ, ಕುಡಿದೆನಾ ಎಂದು ಕೇಳುವುದು. ಅದಕ್ಕೆ ಬೇಕಾದ ಸಿಟ್ಟನ್ನು ಆಗಲೇ ಸ್ವಲ್ಪ ಸ್ವಲ್ಪವೇ ಕೂಡಿಹಾಕಿಕೊಳ್ಳುತ್ತಿದ್ದ. ಓನರಿಗೆ ತಕ್ಕ ಜಗಳ ಒಂದು ಆಗಿಹೋದರೆ ಸಾಕಿತ್ತು. ಅವಳು ಮಾತ್ರ, ಟವೆಲು ಹಾಗೆ ಸುತ್ತೋದು ಯಾರು ಕಲಿಸಿದರು ಎಂದು ಕೇಳಿದಳು. ಯಾರ್ಡಿನಲ್ಲಿ ಅಂದ. ಯಾವ ಯಾರ್ಡು ಎಂದು ಕೇಳಿದಳು, ಹೇಳಿದ. ಅವಳು ಮನಸ್ಸಿನಲ್ಲೇ ಏನೋ ಅಳತೆ ಹಾಕಿದಳು. ಬಟ್ಟೆಗೆ ಕತ್ತರಿ ಇಡುವ ಮುಂಚೆ ಅವಳ ಮುಖ ಹೀಗೇ ಇರುತ್ತದೆ.

"ಅಲ್ಲಿಗೆ ಬಸ್ಸು ಹೋಗುತ್ತಲ್ಲ?"

ಹೋಗುತ್ತದೆ ಅಂದ.

"ಹಾಗಾದ್ರೆ ನಾಳೆಯಿಂದ ಬಸ್ಸಲ್ಲೇ ಹೋಗಿ. ಗಾಡಿ ಸುಮ್ನೆ ಯಾಕೆ? ಊಟಕ್ಕೆ ದೊಡ್ಡ ಡಬ್ಬಿ ಕಟ್ಕೊಡ್ತೀನಿ. ಮೂಟೆ ಹೊರೋರಿಗೆ ಆ ಸಣ್ಣ ಡಬ್ಬಿ ಎಲ್ಲಿ ಸಾಲುತ್ತೆ ರೀ."

ಅವಳ ದನಿಯಲ್ಲಿ ವ್ಯಂಗ್ಯವೇನಾದರೂ ಇದೆಯೇ ಎಂದು ಹುಡುಕಿದ. ಇದ್ದಿದ್ದರೆ ಹಿಡಿದುಕೊಳ್ಳಲು ಒಂದು ಕೊಂಬೆಯಾದರೂ ಸಿಗುತ್ತಿತ್ತು. ಇರಲಿಲ್ಲ. ಕನಿಕರವೂ ಇರಲಿಲ್ಲ. ಗಂಡ ಹಮಾಲಿ, ಹಮಾಲಿಗೆ ಹಸಿವು ಹೆಚ್ಚು, ಡಬ್ಬಿ ಬದಲಾಯಿಸಬೇಕು, ಅಷ್ಟೇ. ಇಷ್ಟು ದಿನ ಮೂಟೆ ಹೊತ್ತು ಹೊತ್ತು ಸುಸ್ತಾಗಿದ್ದರೂ ಅವನು ಒಂದು ದಿನವೂ ಹಮಾಲಿ ಆಗಿರಲಿಲ್ಲ. ಈಗ, ಸ್ವಂತ ಗಾಡಿಯ ಸ್ಟೀರಿಂಗ್ ಹಿಡಿದು, ಹೊಸ ಪ್ಲೇಟಿನ ಮೇಲೆ ಕೂತು, ಆದ. ಅವಮಾನದಿಂದ ಕಿವಿ ಬಿಸಿಯಾಯಿತು. ಬಸ್ಸು ಬೇಡ, ಗಾಡಿಯಲ್ಲೇ ಹೋಗುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿಬಿಡಬೇಕು ಅನ್ನಿಸಿತು. ಆದರೆ ಸರಿ ಅಂದ. ನಿಜ ಹೇಳಬೇಕೆಂದರೆ ಆ ಸಣ್ಣ ಡಬ್ಬಿ ಅವನಿಗೆ ಒಂದು ದಿನವೂ ಸಾಲುತ್ತಿರಲಿಲ್ಲ.